ಲಂಡನ್–ಪ್ಯಾರಿಸ್: 344 ಕಿಲೋಮೀಟರ್ ದೂರಕ್ಕೆ ವಿಮಾನ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ?

ಮೈಸೂರಿನ ಸದಸ್ಯೆ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು ಮತ್ತು ಅತ್ತೆ-ಮಾವ ಬೆಂಗಳೂರಿನಿಂದ ಲಂಡನ್ನಿಗೆ ಹೋಗಿ, ನಾದಿನಿಯ ಮನೆಯಲ್ಲಿ ಕೆಲವು ದಿನ ಉಳಿದು, ಪ್ಯಾರಿಸ್ ನೋಡಿಕೊಂಡು ಅಲ್ಲಿಂದಲೇ ಊರಿಗೆ ಮರಳಬೇಕೆಂದು ಯೋಚಿಸಿದ್ದೇವೆ. ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗುವ ದಿನದ ಲೆಕ್ಕ ಮಾತ್ರ ನನಗೆ ಬಗೆಹರಿಯುತ್ತಿಲ್ಲ. ದೂರ ಒಂದು ಕಡೆ 344 ಕಿ.ಮೀ. ಎಂದಿದೆ, ಇನ್ನೊಂದು ಕಡೆ 347 ಎಂದಿದೆ, ಕಾರಿನ ದಾರಿ ಕೇಳಿದರೆ ನಕ್ಷೆಯು 460ರ ಆಸುಪಾಸು ತೋರಿಸುತ್ತದೆ. ಹಾರಾಟದ ಅವಧಿ ಒಂದು ಗಂಟೆಗೂ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಆದರೆ ಟಿಕೆಟ್ ಹುಡುಕಿದಾಗ ಬೆಳಿಗ್ಗೆ 9.30ಕ್ಕೆ ಹೊರಡುವ ವಿಮಾನ 11.50ಕ್ಕೆ ತಲುಪುತ್ತದೆ ಎಂದೂ, ಪ್ಯಾರಿಸ್ಸಿನಿಂದ 10.00ಕ್ಕೆ ಹೊರಡುವ ವಿಮಾನ 10.20ಕ್ಕೇ ಲಂಡನ್ ತಲುಪುತ್ತದೆ ಎಂದೂ ಕಾಣುತ್ತದೆ. ಮಾವನವರಿಗೆ ಮಂಡಿನೋವು ಇರುವುದರಿಂದ ಆ ದಿನ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ನಡೆಯಬೇಕು ಎಂಬುದು ನಮಗೆ ಮುಖ್ಯ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಧಾರವಾಡದ ಭೂಗೋಳ ಅಧ್ಯಾಪಕರು

ಮಾನ್ಯರೇ, ತಾವು ಕೊಟ್ಟಿರುವ ಮೂರು ಅಂಕಿಗಳೂ ಸರಿಯಾಗಿಯೇ ಇವೆ. ಅವು ಮೂರು ಬೇರೆ ಬೇರೆ ದೂರಗಳು, ಅಷ್ಟೆ. 344 ಎಂಬುದು ಲಂಡನ್ ನಗರದ ನಡುಬಿಂದುವಿನಿಂದ ಪ್ಯಾರಿಸ್ ನಗರದ ನಡುಬಿಂದುವಿಗೆ ಭೂಮಿಯ ಮೇಲ್ಮೈಯ ಮೇಲೆ ಇರುವ ಅತಿ ಕಡಿಮೆ ದೂರ. 347 ಎಂಬುದು ಹೀಥ್ರೋ ವಿಮಾನ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಇರುವ ಅದೇ ಬಗೆಯ ದೂರ. 460 ಎಂಬುದು ಫೋಕ್‌ಸ್ಟನ್ನಿನವರೆಗೆ ಕಾರಿನಲ್ಲಿ ಹೋಗಿ, ಕಡಲ ಕೆಳಗಿನ ಸುರಂಗವನ್ನು ಕಾರು ಹೊರುವ ರೈಲಿನಲ್ಲಿ ದಾಟಿ, ಕ್ಯಾಲೆಯಿಂದ ಮತ್ತೆ ರಸ್ತೆ ಹಿಡಿದರೆ ಆಗುವ ದೂರ. ನಮ್ಮ ಕಡೆಯ ಅಂದಾಜಿಗೆ ಹೇಳುವುದಾದರೆ, ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಎಷ್ಟು ದೂರವೋ ಲಂಡನ್ನಿನಿಂದ ಪ್ಯಾರಿಸ್ಸಿಗೆ ಆಕಾಶದಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ.

ಈ ಅಂಕಿಯನ್ನು ಯಾರನ್ನೂ ಕೇಳದೆ ಕಾಗದದ ಮೇಲೆಯೇ ಪಡೆಯಬಹುದು, ಶಾಲೆಯ ಮಕ್ಕಳಿಂದಲೂ ಮಾಡಿಸಬಹುದು. ಲಂಡನ್ 51.51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ 0.13 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿಯೂ ಇದೆ, ಪ್ಯಾರಿಸ್ 48.86 ಡಿಗ್ರಿ ಉತ್ತರದಲ್ಲಿ, 2.35 ಡಿಗ್ರಿ ಪೂರ್ವದಲ್ಲಿ ಇದೆ. ಅಕ್ಷಾಂಶದ ಅಂತರ 2.65 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ.ನಂತೆ ಉತ್ತರ-ದಕ್ಷಿಣವಾಗಿ 295 ಕಿ.ಮೀ. ಆಗುತ್ತದೆ. ರೇಖಾಂಶದ ಅಂತರ 2.48 ಡಿಗ್ರಿ. ಆದರೆ ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ, ಎರಡೂ ನಗರಗಳ ನಡುವಣ ಅಕ್ಷಾಂಶವಾದ 50.2 ಡಿಗ್ರಿಯ ಕೊಸೈನ್, ಅಂದರೆ 0.64ರಿಂದ ಗುಣಿಸಬೇಕು, ಆಗ ಪೂರ್ವ-ಪಶ್ಚಿಮವಾಗಿ 177 ಕಿ.ಮೀ. ಬರುತ್ತದೆ. ಈ ಎರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದು ಹಿಡಿದರೆ ಕರ್ಣ 344 ಕಿ.ಮೀ. ಇಷ್ಟು ಕಡಿಮೆ ದೂರಕ್ಕೆ ಭೂಮಿಯ ಗುಂಡುತನ ಅಷ್ಟಾಗಿ ಬಾಧಿಸುವುದಿಲ್ಲ. ಸಾವಿರಾರು ಕಿಲೋಮೀಟರ್ ದೂರಕ್ಕೆ ಮಾತ್ರ ಗೋಳದ ಪೂರ್ಣ ಸೂತ್ರವನ್ನೇ ಬಳಸಬೇಕಾಗುತ್ತದೆ.

ಗೋಡೆಗೆ ತೂಗುಹಾಕುವ ಪ್ರಪಂಚದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಯುರೋಪಿನ ದೂರವನ್ನು ಅಳೆಯಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಸದಾ ಹೇಳುತ್ತೇನೆ. ಮರ್ಕೇಟರ್ ಪ್ರಕ್ಷೇಪದ ನಕ್ಷೆಯಾದರೆ 50 ಡಿಗ್ರಿ ಅಕ್ಷಾಂಶದಲ್ಲಿ ದೂರಗಳು ಸಮಭಾಜಕ ವೃತ್ತದ ಬಳಿ ಇರುವುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಹಿಗ್ಗಿ ಕಾಣುತ್ತವೆ.

ಬೆಂಗಳೂರಿನ ಸದಸ್ಯರು (ವಿಮಾನ ಕಾರ್ಯಾಚರಣೆ ವಿಭಾಗದಿಂದ ನಿವೃತ್ತರು)

ದೂರದ ವಿಷಯವನ್ನು ಅಧ್ಯಾಪಕರು ಸ್ವಚ್ಛವಾಗಿ ಹೇಳಿದ್ದಾರೆ. ನಾನು ಸಮಯದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಪ್ರಯಾಣಿಕರು ಮೋಸಹೋಗುವುದು ಅಲ್ಲಿಯೇ.

ಏರ್‌ಬಸ್ 320ರಂತಹ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ. 347ನ್ನು 830ರಿಂದ ಭಾಗಿಸಿದರೆ 25 ನಿಮಿಷ ಬರುತ್ತದೆ. ಈ 25 ನಿಮಿಷದಲ್ಲಿ ಯಾವ ವಿಮಾನವೂ ಲಂಡನ್ನಿನಿಂದ ಪ್ಯಾರಿಸ್ ತಲುಪುವುದಿಲ್ಲ, ತಲುಪಲು ಸಾಧ್ಯವೂ ಇಲ್ಲ. ಇಷ್ಟು ಹತ್ತಿರದ ಮಾರ್ಗದಲ್ಲಿ ವಿಮಾನವು ಆ ವೇಗದಲ್ಲಿ ಸಮತಟ್ಟಾಗಿ ಹಾರುವುದೇ ಬಹಳ ಸ್ವಲ್ಪ ಹೊತ್ತು. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳು ಬಳಸುವ ಸರಳ ಲೆಕ್ಕ. 25,000 ಅಡಿಯಿಂದ ಇಳಿಯಲು 75 ನಾಟಿಕಲ್ ಮೈಲಿ, ಅಂದರೆ ಸುಮಾರು 139 ಕಿ.ಮೀ. ಬೇಕು. ಏರುವುದಕ್ಕೂ ನೂರು ಕಿಲೋಮೀಟರಿಗೂ ಹೆಚ್ಚು ಹೋಗುತ್ತದೆ. ಮೇಲಾಗಿ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಎಂದರೆ ಗಂಟೆಗೆ 463 ಕಿ.ಮೀ. ವೇಗದ ಮಿತಿ ಇರುತ್ತದೆ. ಹೀಗಾಗಿ ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ಸುಮಾರು 45ರಿಂದ 50 ನಿಮಿಷ ಆಗುತ್ತದೆ.

ಟಿಕೆಟ್ಟಿನಲ್ಲಿರುವ ಸಮಯ ಇದೂ ಅಲ್ಲ. ವಿಮಾನ ತನ್ನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿನಲ್ಲಿ ಬ್ರೇಕ್ ಹಾಕಿ ನಿಲ್ಲುವ ಕ್ಷಣದವರೆಗಿನ ಅವಧಿಯನ್ನು ನಾವು ಬ್ಲಾಕ್ ಟೈಮ್ ಎನ್ನುತ್ತೇವೆ. ವೇಳಾಪಟ್ಟಿಯಲ್ಲಿ ಮುದ್ರಿಸುವುದು ಅದನ್ನೇ. ಈ ಮಾರ್ಗದಲ್ಲಿ ಅದು ಸುಮಾರು ಒಂದೂಕಾಲು ಗಂಟೆಯಿಂದ ಒಂದು ಗಂಟೆ 25 ನಿಮಿಷ. ಹೀಥ್ರೋದಲ್ಲಿ ಇರುವುದು ಎರಡೇ ರನ್‌ವೇ. ವರ್ಷಕ್ಕೆ 4,80,000 ಹಾರಾಟಗಳ ಮಿತಿಯನ್ನು ಹಾಕಲಾಗಿದೆ, ನಿಲ್ದಾಣ ಆ ಮಿತಿಗೆ ತೀರಾ ಹತ್ತಿರದಲ್ಲಿಯೇ ನಡೆಯುತ್ತದೆ. ಆದ್ದರಿಂದ ಹೊರಡುವ ವಿಮಾನ ಸಾಲಿನಲ್ಲಿ ಕಾಯುವುದು ಅಲ್ಲಿನ ದಿನನಿತ್ಯದ ಸಂಗತಿ. ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುವುದರಿಂದ ವಿಮಾನಗಳು ವರ್ಷದ ಹೆಚ್ಚಿನ ದಿನಗಳಲ್ಲಿ ಪಶ್ಚಿಮಕ್ಕೆ ಮುಖಮಾಡಿ ಏರುತ್ತವೆ. ಪ್ಯಾರಿಸ್ ಇರುವುದು ಆಗ್ನೇಯದಲ್ಲಿ, ಹಾಗಾಗಿ ಏರಿದ ಮೇಲೆ ತಿರುಗಿ ಬರಬೇಕು. ಪ್ಯಾರಿಸ್ಸಿನಿಂದ ಬರುವಾಗ ಲಂಡನ್ನಿನ ಆಗ್ನೇಯದಲ್ಲಿರುವ ಬಿಗ್ಗಿನ್ ಎಂಬ ಬಿಂದುವಿನ ಮೇಲೆ ಸುತ್ತು ಹಾಕಿಸಿ ಕಾಯಿಸುವುದೂ ಉಂಟು. ಯುರೋಪಿನ ಆಕಾಶದಲ್ಲಿ ದಟ್ಟಣೆ ಹೆಚ್ಚಾದ ದಿನ ಬ್ರಸೆಲ್ಸ್‌ನ ಯುರೋಕಂಟ್ರೋಲ್ ಸಂಸ್ಥೆ ಪ್ರತಿ ವಿಮಾನಕ್ಕೂ ನೆಲ ಬಿಡುವ ಸಮಯವನ್ನು ಗೊತ್ತುಮಾಡುತ್ತದೆ. ಅದಕ್ಕಿಂತ 5 ನಿಮಿಷ ಮುಂಚೆ ಅಥವಾ 10 ನಿಮಿಷ ತಡವಾಗಿ ಮಾತ್ರ ಏರಬಹುದು. ವೇಳಾಪಟ್ಟಿ ಮಾಡುವವರು ಇದಕ್ಕೆಲ್ಲ ಸ್ವಲ್ಪ ಹೆಚ್ಚುವರಿ ನಿಮಿಷಗಳನ್ನು ಮೊದಲೇ ಸೇರಿಸಿರುತ್ತಾರೆ.

ನೇರವಾಗಿ ಏಕೆ ಹಾರುವುದಿಲ್ಲ ಎಂದು ಕೇಳುವವರಿಗೆ ಇದೇ ಮಾರ್ಗದ ಚರಿತ್ರೆಯಲ್ಲಿ ಉತ್ತರವಿದೆ. 1919ರ ಆಗಸ್ಟ್ 25ರಂದು ಹೀಥ್ರೋದ ಪಕ್ಕದ ಹೌನ್ಸ್‌ಲೋ ಹೀತ್ ಮೈದಾನದಿಂದ ಪ್ಯಾರಿಸ್ಸಿನ ಲ ಬೂರ್ಜೆಗೆ ಪ್ರತಿದಿನದ ಅಂತರರಾಷ್ಟ್ರೀಯ ಪ್ರಯಾಣಿಕ ಸೇವೆ ಆರಂಭವಾಯಿತು. ಆಗ ಸುಮಾರು ಎರಡೂವರೆ ಗಂಟೆ ಬೇಕಾಗುತ್ತಿತ್ತು. ಆಗಿನ ಪೈಲಟ್‌ಗಳು ಕೆಳಗೆ ಕಾಣುವ ರಸ್ತೆ, ರೈಲು ಹಳಿಗಳನ್ನು ನೋಡಿಕೊಂಡು ಹಾರುತ್ತಿದ್ದರು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಪಿಕಾರ್ಡಿಯಲ್ಲಿ, ಮಸುಕು ಹವೆಯಲ್ಲಿ, ಲಂಡನ್ ಕಡೆಯಿಂದ ಬರುತ್ತಿದ್ದ ಡಿ ಹ್ಯಾವಿಲೆಂಡ್ ವಿಮಾನವೂ ಪ್ಯಾರಿಸ್ ಕಡೆಯಿಂದ ಬರುತ್ತಿದ್ದ ಫಾರ್ಮಾನ್ ವಿಮಾನವೂ ಎದುರುಬದುರಾಗಿ ಡಿಕ್ಕಿ ಹೊಡೆದು ಏಳು ಮಂದಿ ಸತ್ತರು. ಪ್ರಯಾಣಿಕ ವಿಮಾನಗಳೆರಡು ಆಕಾಶದಲ್ಲಿ ಡಿಕ್ಕಿಯಾದದ್ದು ಅದೇ ಮೊದಲು. ಅದಾದ ಮೇಲೆಯೇ ಈ ಮಾರ್ಗಕ್ಕೆ ಗೊತ್ತಾದ ದಾರಿಗಳೂ ಬಲಬದಿಯಲ್ಲಿ ಹಾರುವ ನಿಯಮವೂ ಬಂದವು. ಇಂದು ನಕ್ಷೆಯ ಮೇಲೆ ವಿಮಾನದ ದಾರಿ ಅಂಕುಡೊಂಕಾಗಿ ಕಂಡರೆ ಅದರ ಹಿಂದೆ ಇಂತಹ ಸಾವುಗಳಿಂದ ಕಲಿತ ಎಚ್ಚರವಿದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಮೈಸೂರಿನ ಸದಸ್ಯೆ

ಇಬ್ಬರಿಗೂ ಕೃತಜ್ಞತೆಗಳು. ಇಷ್ಟು ವಿವರವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಆದರೆ ಹೋಗುವಾಗ 2 ಗಂಟೆ 20 ನಿಮಿಷ, ಬರುವಾಗ 20 ನಿಮಿಷ ಎಂಬ ವ್ಯತ್ಯಾಸ ಗಡಿಯಾರದ್ದೇ ಅಲ್ಲವೇ?

ಧಾರವಾಡದ ಭೂಗೋಳ ಅಧ್ಯಾಪಕರು

ಹೌದು, ಅದು ಗಡಿಯಾರದ್ದೇ. ಪ್ಯಾರಿಸ್ ಗಡಿಯಾರ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದಿದೆ, ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವನ್ನೇ ಬರೆದಿರುತ್ತಾರೆ. 9.30ರಿಂದ 11.50ರವರೆಗಿನ 2 ಗಂಟೆ 20 ನಿಮಿಷದಲ್ಲಿ ಒಂದು ಗಂಟೆ ಕಳೆದರೆ ಬ್ಲಾಕ್ ಟೈಮ್ 1 ಗಂಟೆ 20 ನಿಮಿಷ; ಮರಳುವಾಗಿನ 20 ನಿಮಿಷಕ್ಕೆ ಒಂದು ಗಂಟೆ ಕೂಡಿಸಿದರೂ ಅಷ್ಟೇ ಬರುತ್ತದೆ. ಎರಡೂ ಕಡೆ ಗಡಿಯಾರವನ್ನು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಒಂದೇ ಕ್ಷಣದಲ್ಲಿ ಬದಲಿಸುವುದರಿಂದ ಈ ಒಂದು ಗಂಟೆಯ ಅಂತರ ವರ್ಷವಿಡೀ ಹಾಗೆಯೇ ಇರುತ್ತದೆ.

ಸೂರ್ಯನ ಲೆಕ್ಕದಲ್ಲಿ ನೋಡಿದರೆ ಈ ಎರಡು ಊರುಗಳ ನಡುವೆ ಹತ್ತು ನಿಮಿಷದ ಅಂತರವೂ ಇಲ್ಲ. 1911ರವರೆಗೆ ಫ್ರಾನ್ಸ್ ಅನುಸರಿಸುತ್ತಿದ್ದ ಪ್ಯಾರಿಸ್ ಸಮಯವು ಗ್ರೀನಿಚ್ ಸಮಯಕ್ಕಿಂತ 9 ನಿಮಿಷ 21 ಸೆಕೆಂಡ್ ಮಾತ್ರ ಮುಂದಿತ್ತು. ಆ ವರ್ಷ ಫ್ರಾನ್ಸ್ ಗ್ರೀನಿಚ್ ಸಮಯಕ್ಕೆ ಹೊಂದಿಕೊಂಡಿತು. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ಹಿಡಿದಾಗ ಬರ್ಲಿನ್ನಿನ ಸಮಯವನ್ನು ಹೇರಿತು, ಯುದ್ಧ ಮುಗಿದ ಮೇಲೂ ಅದು ಉಳಿದುಕೊಂಡಿತು.

ಲಂಡನ್ನಿನ ಸದಸ್ಯೆ

ನಾನು ಉತ್ತರ ಲಂಡನ್ನಿನಲ್ಲಿ ವಾಸಿಸುತ್ತೇನೆ, ಕೆಲಸದ ನಿಮಿತ್ತ ಪ್ಯಾರಿಸ್ಸಿಗೆ ಹೋಗಿಬರುವುದು ರೂಢಿ. ತಾವು ಕೇಳಬೇಕಾದ ಲೆಕ್ಕ ಗೇಟಿನಿಂದ ಗೇಟಿನದಲ್ಲ, ಮನೆಯಿಂದ ಹೋಟೆಲಿನದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಂಡನ್ನಿನ ನಡುಭಾಗದಿಂದ ಹೀಥ್ರೋಗೆ ಮನೆ ಬಾಗಿಲಿನಿಂದ ಒಂದು ಗಂಟೆ ಇಟ್ಟುಕೊಳ್ಳಿ. ಪೆಟ್ಟಿಗೆ ಒಪ್ಪಿಸಿ ತಪಾಸಣೆ ಮುಗಿಸಲು ಎರಡು ಗಂಟೆ ಮೊದಲೇ ಅಲ್ಲಿರಬೇಕು. 1 ಗಂಟೆ 20 ನಿಮಿಷ ವಿಮಾನ. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು ಮತ್ತು ಪೆಟ್ಟಿಗೆಗೆ ಮುಕ್ಕಾಲು ಗಂಟೆ. ಶಾರ್ಲ್ ದ ಗಾಲ್ ನಿಲ್ದಾಣ ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿರುವುದರಿಂದ ಆರ್‌ಇಆರ್ ಬಿ ರೈಲಿಗೆ ಇನ್ನೂ ಮುಕ್ಕಾಲು ಗಂಟೆ. ಕೂಡಿಸಿದರೆ ಆರು ಗಂಟೆಗೆ ಹತ್ತೇ ನಿಮಿಷ ಕಡಿಮೆ. ಅದರಲ್ಲಿ ವಿಮಾನ ಆಕಾಶದಲ್ಲಿರುವುದು ಒಂದು ಗಂಟೆಗೂ ಕಡಿಮೆ.

ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಹೊರಡುವ ಯೂರೋಸ್ಟಾರ್ ರೈಲು 492 ಕಿ.ಮೀ. ಹಳಿಯನ್ನು ಸುಮಾರು 2 ಗಂಟೆ 20 ನಿಮಿಷದಲ್ಲಿ ಕ್ರಮಿಸಿ ಪ್ಯಾರಿಸ್ಸಿನ ಗಾರ್ ದು ನೋರ್ ನಿಲ್ದಾಣದಲ್ಲಿ ಇಳಿಸುತ್ತದೆ. ದೂರ ವಿಮಾನದ್ದಕ್ಕಿಂತ ಒಂದೂವರೆ ಪಟ್ಟಿನಷ್ಟಿದ್ದರೂ ಒಟ್ಟು ಸಮಯ ಕಡಿಮೆ, ಏಕೆಂದರೆ ಎರಡೂ ನಿಲ್ದಾಣಗಳು ನಗರದ ಒಳಗೇ ಇವೆ. ಫ್ರಾನ್ಸಿನ ವಲಸೆ ಅಧಿಕಾರಿಗಳು ಲಂಡನ್ನಿನ ನಿಲ್ದಾಣದಲ್ಲಿಯೇ ಕುಳಿತಿರುತ್ತಾರೆ. ಪಾಸ್‌ಪೋರ್ಟಿನ ಕೆಲಸವೆಲ್ಲ ಹತ್ತುವ ಮೊದಲೇ ಮುಗಿದುಹೋಗುತ್ತದೆ, ಪ್ಯಾರಿಸ್ಸಿನಲ್ಲಿ ಇಳಿದು ಸೀದಾ ಹೊರಗೆ ನಡೆಯಬಹುದು. ಅದಕ್ಕಾಗಿ ರೈಲು ಹೊರಡುವುದಕ್ಕೆ ಒಂದೂಕಾಲು ಗಂಟೆ ಮೊದಲೇ ಬನ್ನಿ. ಹಾಗೆ ಬಂದರೂ ಒಟ್ಟು ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ಸುರಂಗದ ಉದ್ದ 50 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅದರಲ್ಲಿ ಸುಮಾರು 38 ಕಿ.ಮೀ. ಕಡಲ ತಳದ ಅಡಿಯಲ್ಲಿದೆ. ಸುರಂಗ 1994ರಲ್ಲಿ ತೆರೆದರೂ ಇಂಗ್ಲೆಂಡಿನ ಭಾಗದಲ್ಲಿ ಅತಿವೇಗದ ಹಳಿ ಪೂರ್ಣವಾದದ್ದು 2007ರ ನವೆಂಬರಿನಲ್ಲಿ. ಈಗಿನ ಅವಧಿ ಸಾಧ್ಯವಾದದ್ದು ಆಮೇಲೆಯೇ. ತಮ್ಮ ಮಾವನವರ ಮಂಡಿಯ ದೃಷ್ಟಿಯಿಂದ ನಾನು ರೈಲನ್ನೇ ಹೇಳುತ್ತೇನೆ. ಪೆಟ್ಟಿಗೆಗಳನ್ನು ಮಾತ್ರ ನಾವೇ ಎತ್ತಿಡಬೇಕು, ಅಷ್ಟನ್ನು ತಮ್ಮ ಯಜಮಾನರು ನೋಡಿಕೊಳ್ಳಬೇಕಾಗುತ್ತದೆ.

ರೆಡಿಂಗ್‌ನ ಸದಸ್ಯರು

ಮೇಲಿನ ಸದಸ್ಯೆಯವರ ಲೆಕ್ಕ ಲಂಡನ್ನಿನ ನಡುಭಾಗದಲ್ಲಿ ಇರುವವರಿಗೆ ಒಪ್ಪುತ್ತದೆ, ಎಲ್ಲರಿಗೂ ಅಲ್ಲ. ಮಾಹಿತಿ ತಂತ್ರಜ್ಞಾನದ ಕೆಲಸಕ್ಕೆ ಬಂದ ನಮ್ಮವರು ಅನೇಕರು ರೆಡಿಂಗ್, ಸ್ಲೌ ಕಡೆ ನೆಲೆಸಿದ್ದೇವೆ. ಹೀಥ್ರೋ ಇರುವುದು ಲಂಡನ್ನಿನ ಪಶ್ಚಿಮ ಅಂಚಿನಲ್ಲಿ, ಅಂದರೆ ನಮ್ಮ ಕಡೆಗೇ. ಸೇಂಟ್ ಪ್ಯಾಂಕ್ರಾಸ್‌ಗೆ ಹೋಗಬೇಕಾದರೆ ನಾವು ವಿಮಾನ ನಿಲ್ದಾಣವನ್ನು ಹಾದು ನಗರದ ಒಳಗೆ ಹೋಗಿ, ಪ್ಯಾಡಿಂಗ್ಟನ್ನಿನಲ್ಲಿ ಪೆಟ್ಟಿಗೆ ಸಮೇತ ರೈಲು ಬದಲಿಸಬೇಕು. ಆದ್ದರಿಂದ ತಮ್ಮ ನಾದಿನಿಯವರ ಮನೆ ಎಲ್ಲಿದೆ ಎಂಬುದನ್ನು ಮೊದಲು ತಿಳಿಸಿ. ಬೆಂಗಳೂರಿನಿಂದ ಬಂದವರು ಲಂಡನ್ನಿನಲ್ಲಿ ಉಳಿಯದೆ ಹೀಥ್ರೋದಲ್ಲಿಯೇ ವಿಮಾನ ಬದಲಿಸಿ ಪ್ಯಾರಿಸ್ಸಿಗೆ ಹೋಗುವುದಾದರೂ ವಿಮಾನವೇ ಅನುಕೂಲ. ಒಂದೇ ಟಿಕೆಟ್ಟಾದರೆ ಪೆಟ್ಟಿಗೆ ಬೆಂಗಳೂರಿನಿಂದ ನೇರವಾಗಿ ಪ್ಯಾರಿಸ್ಸಿಗೆ ಹೋಗುತ್ತದೆ.

ಮೈಸೂರಿನ ಸದಸ್ಯೆ

ನಾದಿನಿಯವರ ಮನೆ ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿದೆ.

ರೆಡಿಂಗ್‌ನ ಸದಸ್ಯರು

ಹಾಗಾದರೆ ಯೋಚಿಸುವುದೇ ಬೇಡ, ರೈಲಿನಲ್ಲಿಯೇ ಹೋಗಿ.

ಪ್ಯಾರಿಸ್ಸಿನ ಸದಸ್ಯರು

ಎರಡು ಎಚ್ಚರಿಕೆಗಳನ್ನು ಸೇರಿಸಬಯಸುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಬೇರೆ, ಫ್ರಾನ್ಸಿಗೆ ಬೇಕಾದ ಶೆಂಗನ್ ವೀಸಾ ಬೇರೆ. ದೂರ 344 ಕಿ.ಮೀ. ಆದರೂ ನಡುವೆ ಪೂರ್ತಿ ಗಡಿಯೊಂದಿದೆ ಎಂಬುದನ್ನು ತಿಳಿಯದೆ ಒಂದೇ ವೀಸಾ ಹಿಡಿದು ಬಂದವರ ಪ್ರವಾಸ ನಿಲ್ದಾಣದಲ್ಲಿಯೇ ನಿಂತುಹೋಗುತ್ತದೆ. ಎರಡಕ್ಕೂ ಅರ್ಜಿ ಹಾಕಿ, ಪಾಸ್‌ಪೋರ್ಟ್ ಮರಳಿ ಬರಲು ಹಿಡಿಯುವ ವಾರಗಳನ್ನು ಮೇ ತಿಂಗಳಿನಿಂದ ಹಿಂದಕ್ಕೆ ಎಣಿಸಿ. 2025ರ ಅಕ್ಟೋಬರ್ 12ರಿಂದ ಶೆಂಗನ್ ದೇಶಗಳ ಗಡಿಯಲ್ಲಿ ಹೊರಗಿನವರ ಬೆರಳಚ್ಚು ಮತ್ತು ಭಾವಚಿತ್ರವನ್ನು ದಾಖಲಿಸುವ ಹೊಸ ವ್ಯವಸ್ಥೆ ಆರಂಭವಾಗಿದೆ. ಮೊದಲ ಬಾರಿ ಬರುವವರಿಗೆ ಇದರಿಂದ ಇನ್ನಷ್ಟು ಸಮಯ ಹೋಗಬಹುದು. ರೈಲಿನವರಿಗೂ ವಿಮಾನದವರಿಗೂ ಇದು ಒಂದೇ.

ಎರಡನೆಯದು, ಪ್ಯಾರಿಸ್ಸಿನ ಹೆಸರು ಹೊತ್ತ ನಿಲ್ದಾಣಗಳೆಲ್ಲ ಪ್ಯಾರಿಸ್ಸಿನಲ್ಲಿಲ್ಲ. ಓರ್ಲಿ ನಗರದ ದಕ್ಷಿಣಕ್ಕೆ ಹತ್ತಿರದಲ್ಲಿದೆ, ಶಾರ್ಲ್ ದ ಗಾಲ್ ಈಶಾನ್ಯದಲ್ಲಿದೆ, ಕಡಿಮೆ ದರದ ವಿಮಾನಗಳು ಇಳಿಯುವ ಬೋವೆ ನಿಲ್ದಾಣವಂತೂ ನಗರದಿಂದ ಸುಮಾರು 80 ಕಿ.ಮೀ. ಆಚೆಗಿದೆ. ಯುರೋಪಿನ ಯಾವ ಎರಡು ಊರುಗಳ ನಡುವೆ ಟಿಕೆಟ್ ಕೊಳ್ಳುವಾಗಲೂ ನಿಲ್ದಾಣದ ಹೆಸರನ್ನು ನಕ್ಷೆಯಲ್ಲಿ ಹುಡುಕಿ ನೋಡಿ. ಬೆಂಗಳೂರಿನ ನೇರ ವಿಮಾನ ಹೊರಡುವುದು ಶಾರ್ಲ್ ದ ಗಾಲ್‌ನಿಂದ. ಅಂದು ಮಾವನವರಿಗೆ ಗಾಲಿಕುರ್ಚಿಯ ನೆರವು ಬೇಕೆಂದು ವಿಮಾನ ಸಂಸ್ಥೆಗೆ 48 ಗಂಟೆ ಮೊದಲೇ ತಿಳಿಸಿದರೆ ಯುರೋಪಿನ ನಿಯಮದಂತೆ ಉಚಿತವಾಗಿ ಒದಗಿಸಬೇಕು. ಕೇಳಲು ಸಂಕೋಚಪಡಬೇಡಿ, ಆ ನಿಲ್ದಾಣದಲ್ಲಿ ನಡೆಯುವ ದೂರ ಬಹಳ.

ಹೆಲ್ಸಿಂಕಿಯ ಸದಸ್ಯೆ

ವಿಷಯಕ್ಕೆ ಹತ್ತಿರದ ಪ್ರಶ್ನೆಯೊಂದು. ಹೆಲ್ಸಿಂಕಿಯಿಂದ ಲಿಸ್ಬನ್ನಿಗೆ ಹೋಗುವಾಗ ಬರುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಎರಡು ಗಂಟೆಯ ಗಡಿಯಾರದ ಅಂತರವನ್ನು ಸರಿಪಡಿಸಿದ ಮೇಲೂ. ಲಂಡನ್–ಪ್ಯಾರಿಸ್ ಮಾರ್ಗದಲ್ಲಿ ಹಾಗೇಕೆ ಇಲ್ಲ?

ಬೆಂಗಳೂರಿನ ಸದಸ್ಯರು

ಅದು ಗಾಳಿಯ ಕೆಲಸ. ಈ ಅಕ್ಷಾಂಶಗಳಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ತಮ್ಮ ಮಾರ್ಗ ಸುಮಾರು 3,360 ಕಿ.ಮೀ. ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದೂ, ಗಾಳಿಯ ಪಾಲು 60 ಕಿ.ಮೀ. ಎಂದೂ ಉದಾಹರಣೆಗೆ ಹಿಡಿಯೋಣ. ಪೂರ್ವಕ್ಕೆ ಬರುವಾಗ 860ರ ವೇಗದಲ್ಲಿ 3 ಗಂಟೆ 54 ನಿಮಿಷ, ಪಶ್ಚಿಮಕ್ಕೆ ಹೋಗುವಾಗ 740ರ ವೇಗದಲ್ಲಿ 4 ಗಂಟೆ 32 ನಿಮಿಷ ಆಗುತ್ತದೆ. ವ್ಯತ್ಯಾಸ 38 ನಿಮಿಷ. ಅದೇ ಗಾಳಿಯನ್ನು 347 ಕಿ.ಮೀ.ಗೆ ಹಾಕಿ ನೋಡಿದರೆ ವ್ಯತ್ಯಾಸ ನಾಲ್ಕು ನಿಮಿಷವೂ ಆಗುವುದಿಲ್ಲ. ಆದುದರಿಂದಲೇ ಹತ್ತಿರದ ಊರುಗಳ ನಡುವೆ ನೆಲದ ಮೇಲಿನ ಸಾಲೇ ಸಮಯವನ್ನು ನಿರ್ಧರಿಸುತ್ತದೆ, ದೂರದ ಊರುಗಳ ನಡುವೆ ಗಾಳಿ ನಿರ್ಧರಿಸುತ್ತದೆ.

ಮೈಸೂರಿನ ಸದಸ್ಯೆ

ನಾವು ರೈಲನ್ನೇ ಗೊತ್ತುಮಾಡಿದೆವು. ನಾದಿನಿಯವರಿಗೂ ಇದು ಒಪ್ಪಿಗೆಯಾಯಿತು. ನಮ್ಮ ಭಾವನವರ ಮಗ ಮಾತ್ರ ಜೂನ್‌ನಲ್ಲಿ ಇದೇ ಮಾರ್ಗದಲ್ಲಿ ವಿಮಾನದಲ್ಲಿ ಹೋಗುತ್ತಾನೆ. ವಿಮಾನ ತಡವಾದರೆ ಪರಿಹಾರ ಸಿಗುತ್ತದೆ ಎನ್ನುತ್ತಾರೆ. ಅಲ್ಲಿ ಯಾವ ದೂರ, ಯಾವ ಸಮಯವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ?

ಬ್ರಸೆಲ್ಸ್‌ನ ಸದಸ್ಯರು (ಕಾನೂನು ವಿದ್ಯಾರ್ಥಿ)

ಯುರೋಪಿನ ಒಕ್ಕೂಟದ 261/2004ನೇ ನಿಯಮದಲ್ಲಿ ದೂರಕ್ಕೆ ತಕ್ಕಂತೆ ಪರಿಹಾರವನ್ನು ಗೊತ್ತುಮಾಡಿದ್ದಾರೆ: 1,500 ಕಿ.ಮೀ.ವರೆಗೆ 250 ಯೂರೋ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಅದೇ ನಿಯಮವನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ, ಅಲ್ಲಿ ಇದೇ ದೂರಕ್ಕೆ 220 ಪೌಂಡ್. ಲಂಡನ್ನಿನಿಂದ ಹೊರಡುವ ವಿಮಾನಕ್ಕೆ ಬ್ರಿಟನ್ನಿನ ನಿಯಮ, ಪ್ಯಾರಿಸ್ಸಿನಿಂದ ಹೊರಡುವುದಕ್ಕೆ ಒಕ್ಕೂಟದ ನಿಯಮ ಅನ್ವಯಿಸುತ್ತದೆ. ತಲುಪುವುದು ಮೂರು ಗಂಟೆ ಅಥವಾ ಹೆಚ್ಚು ತಡವಾದರೆ ಪರಿಹಾರ ಕೇಳಬಹುದು ಎಂದು ಯುರೋಪಿನ ನ್ಯಾಯಾಲಯ 2009ರಲ್ಲಿ ಹೇಳಿತು. ಚಂಡಮಾರುತದಂತಹ ಅಸಾಧಾರಣ ಕಾರಣವಿದ್ದರೆ ಮಾತ್ರ ಇಲ್ಲ.

ದೂರವೆಂದರೆ ಅಧ್ಯಾಪಕರು ಮೇಲೆ ವಿವರಿಸಿದ ಗೋಳದ ಮೇಲಿನ ಅತಿ ಕಡಿಮೆ ದೂರವೇ. ನಿಯಮದಲ್ಲಿಯೇ ಹಾಗೆ ಬರೆದಿದೆ. ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದವರ ಪ್ರಕರಣವೊಂದು 2017ರಲ್ಲಿ ತೀರ್ಮಾನವಾಯಿತು. ಅವರು ಹಾರಿದ ಎರಡು ಹಂತಗಳನ್ನು ಕೂಡಿಸಿದರೆ 1,656 ಕಿ.ಮೀ., ರೋಮ್‌ನಿಂದ ಹ್ಯಾಂಬರ್ಗ್‌ಗೆ ನೇರ ದೂರ 1,326 ಕಿ.ಮೀ. ನೇರ ದೂರವನ್ನೇ ಹಿಡಿಯಬೇಕೆಂದು ನ್ಯಾಯಾಲಯ ಹೇಳಿತು, ಹೀಗಾಗಿ 400 ಯೂರೋ ಬದಲು 250 ಯೂರೋ.

ಸಮಯದ ವಿಷಯದಲ್ಲಿ 2014ರ ತೀರ್ಪನ್ನು ತಮ್ಮ ಹುಡುಗನಿಗೆ ತಿಳಿಸಿಡಿ. ಜಾಲ್ಸ್‌ಬರ್ಗ್‌ನಿಂದ ಕಲೋನ್–ಬಾನ್‌ಗೆ ಹೋದ ವಿಮಾನವೊಂದು ರನ್‌ವೇ ಮುಟ್ಟಿದಾಗ ತಡವಾದದ್ದು 2 ಗಂಟೆ 58 ನಿಮಿಷ, ನಿಲ್ಲುವ ಜಾಗಕ್ಕೆ ಬಂದಾಗ 3 ಗಂಟೆ 3 ನಿಮಿಷ, ಬಾಗಿಲು ತೆರೆದದ್ದು ಅದಾದ ಸ್ವಲ್ಪ ಹೊತ್ತಿಗೆ. ಪ್ರಯಾಣಿಕರು ಹೊರಗೆ ಹೋಗಲು ಕನಿಷ್ಠ ಒಂದು ಬಾಗಿಲಾದರೂ ತೆರೆದ ಕ್ಷಣವನ್ನೇ ತಲುಪಿದ ಸಮಯವೆಂದು ಹಿಡಿಯಬೇಕು ಎಂದು ನ್ಯಾಯಾಲಯ ತೀರ್ಮಾನಿಸಿತು. ಆದ್ದರಿಂದ ವಿಮಾನ ತಡವಾದ ದಿನ ಬಾಗಿಲು ತೆರೆದ ಗಳಿಗೆಯನ್ನು ಫೋನಿನಲ್ಲಿ ನೋಡಿ ಬರೆದಿಟ್ಟುಕೊಳ್ಳಲಿ, ಬೋರ್ಡಿಂಗ್ ಪಾಸನ್ನು ಎಸೆಯದೆ ಇಟ್ಟುಕೊಳ್ಳಲಿ.